ಮೆಟ್ಟಿಲ ಕೆಳಗಿನ ಎಣ್ಣೆ

ಜಯನಗರದ ಯಾವ ಹಳೆಯ ಮನೆಗಾದರೂ ಹೋಗಿ, ಮಹಡಿಗೆ ಹತ್ತುವ ಮೆಟ್ಟಿಲುಗಳ ಕೆಳಗಣ ಆ ತ್ರಿಕೋನಾಕಾರದ ಕತ್ತಲೆಯನ್ನು ಒಮ್ಮೆ ಬಗ್ಗಿ ನೋಡಿದವರಿಗೆ, ಆ ಸಂಸಾರದ ಚರಿತ್ರೆಯ ಮುಕ್ಕಾಲು ಪಾಲು ಅಲ್ಲಿಯೇ ಅಡಕವಾಗಿರುವುದು ಗೋಚರವಾಗುತ್ತದೆ. ಗಾಳಿ ಇಳಿದ ಮಗುವಿನ ಸೈಕಲ್ಲು, ಕಾಲು ಮುರಿದ ಸ್ಟೂಲು, ಹೋದ ಸಲ ಸುಣ್ಣಬಣ್ಣ ಮಾಡಿಸಿದಾಗ ಉಳಿದ ಬಣ್ಣದ ಬಕೀಟು, ಇನ್ವರ್ಟರು ಮತ್ತು ಅದರ ಭಾರವಾದ ಬ್ಯಾಟರಿ, ಗ್ಯಾಸಿನ ಎರಡನೆಯ ಸಿಲಿಂಡರು, ಇವೆಲ್ಲದರ ಹಿಂದೆ, ಗೋಡೆಯ ಮೂಲೆಗೆ ಒರಗಿಕೊಂಡು, ಮೈಮೇಲೆ ಜಿಡ್ಡನ್ನೂ ಜಿಡ್ಡಿನ ಮೇಲೆ ಧೂಳನ್ನೂ ಹೊದ್ದುಕೊಂಡು, ಅರ್ಧ ತುಂಬಿದ ಎಂಜಿನ್ ಆಯಿಲ್ ಡಬ್ಬವೊಂದು ನಿಂತಿರುತ್ತದೆ. ಅದು ಯಾವ ವಾಹನದ್ದು, ಯಾವ ವರ್ಷ ಬಂದು ಸೇರಿತು, ಒಳಗಿರುವುದು ಹೊಸದೋ ಬಳಸಿದ್ದೋ ಎಂದು ಮನೆಯ ಯಜಮಾನರನ್ನು ವಿಚಾರಿಸಿದರೆ, "ಇರಲಿ ಬಿಡಿ, ಯಾವುದಕ್ಕಾದರೂ ಬರುತ್ತೆ" ಎಂಬ ಉತ್ತರವಲ್ಲದೆ ಬೇರೆ ಉತ್ತರ ದೊರೆಯುವುದು ದುರ್ಲಭ. ಆ ಡಬ್ಬ ಯಾವುದಕ್ಕೂ ಬರದೆ ಅಲ್ಲಿಯೇ ಮುಪ್ಪಾಗುತ್ತಿರುವುದನ್ನು ಮಾತ್ರ ನಾನು ಮೂರು ನಾಲ್ಕು ಮನೆಗಳಲ್ಲಿ, ನನ್ನದೂ ಸೇರಿದಂತೆ, ಕಣ್ಣಾರೆ ಕಂಡಿದ್ದೇನೆ.

ಅದು ಅಲ್ಲಿಗೆ ಬರುವ ಬಗೆ ಬಹು ಸರಳವಾದುದು. ಕಾರಿನ ಎಂಜಿನ್ನು ಕುಡಿಯುವ ಎಣ್ಣೆಯ ಅಳತೆಗೂ ಅಂಗಡಿಯವನು ಮಾರುವ ಡಬ್ಬದ ಅಳತೆಗೂ ಹೊಂದಾಣಿಕೆಯಾಗುವುದು ಅಪರೂಪ. ಸಣ್ಣ ಕಾರಿಗೆ ಮೂರು ಲೀಟರಿನ ಮೇಲೆ ಒಂದಿಷ್ಟು ಬೇಕೆಂದರೆ ಡಬ್ಬ ಬರುವುದು ನಾಲ್ಕು ಲೀಟರಿನದು, ಬುಲೆಟ್ಟಿಗೆ ಎರಡು ಲೀಟರಿನ ಮೇಲೆ ಬೇಕೆಂದರೆ ಒಂದೊಂದು ಲೀಟರಿನ ಮೂರು ಸೀಸೆ ಒಡೆಯಬೇಕು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ತಾವೇ ಎಣ್ಣೆ ಕೊಂಡು ಬನಶಂಕರಿಯ ಗ್ಯಾರೇಜಿಗೆ ಒಯ್ಯುವ ಮುಂಜಾಗ್ರತೆಯ ಗೃಹಸ್ಥರಿಗೆ, ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ಕು ಡಬ್ಬವನ್ನು ಅಲುಗಾಡಿಸಿ ತೋರಿಸಿ, "ಸಾರ್, ಇನ್ನೂ ಮುಕ್ಕಾಲು ಲೀಟರ್ ಐತೆ, ಇಟ್ಕೊಳ್ಳಿ, ಟಾಪಪ್‌ಗೆ ಆಗ್ತದೆ" ಎಂದು ಕೈಗಿಡುತ್ತಾನೆ. ದುಡ್ಡು ಕೊಟ್ಟು ತಂದ ವಸ್ತುವನ್ನು ಚೆಲ್ಲುವ ಸಂಪ್ರದಾಯ ನಮ್ಮದಲ್ಲವಾದುದರಿಂದ ಅದು ಡಿಕ್ಕಿಯಲ್ಲಿ ಕುಳಿತು ಮನೆಗೆ ಬರುತ್ತದೆ. ಬಂದುದು ಮೆಟ್ಟಿಲ ಕೆಳಗೆ ಸೇರುತ್ತದೆ.

ಹಿಂದಿನ ತಲೆಮಾರಿನವರಿಗೆ ಹೀಗೆ ಎಣ್ಣೆಯನ್ನು ಕೂಡಿಡುವುದಕ್ಕೆ ಸಕಾರಣವಿದ್ದಿತೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 1948ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹಸ್ತದಿಂದ ಅಶೋಕಸ್ತಂಭದ ಬಳಿ ಉದ್ಘಾಟನೆಗೊಂಡ ಈ ಜಯನಗರ ಬಡಾವಣೆಗೆ ಮೊದಲು ಬಂದ ವಾಹನ ಸೈಕಲ್ಲು. ಅದರ ಹಿಂದೆ ಬಂದವು ಸ್ಕೂಟರುಗಳು ಮತ್ತು 1960ರ ದಶಕದಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲ್ಲು. ಇವುಗಳಲ್ಲಿ ಹೆಚ್ಚಿನವು ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಕುಡಿಯುವ ಜಾತಿಗೆ ಸೇರಿದವಾಗಿ, ನೀಲಿ ಹೊಗೆಯಾಗಿ ಅದನ್ನು ಉಗುಳುತ್ತಿದ್ದುದರಿಂದ, ಮನೆಯಲ್ಲಿ ಒಂದು ಟಿನ್ನು ಎಣ್ಣೆ ಇರುವುದು ಒಲೆಯ ಪಕ್ಕದಲ್ಲಿ ಸೀಮೆಎಣ್ಣೆ ಇದ್ದಷ್ಟೇ ಸಹಜವಾಗಿದ್ದಿತು. ಅಂಬಾಸಿಡರ್ ಇದ್ದವರಂತೂ ಮೈಸೂರಿಗೆ ಹೊರಡುವಾಗ ತಿಂಡಿಯ ಬುಟ್ಟಿಯೊಡನೆ ಎಣ್ಣೆಯ ಡಬ್ಬವನ್ನೂ ಇಟ್ಟುಕೊಳ್ಳುತ್ತಿದ್ದರು. ಇಂದಿನ ಎಂಜಿನ್ನುಗಳು ಮಿತಾಹಾರಿಗಳು. ಒಂದು ಸರ್ವೀಸಿನಿಂದ ಮತ್ತೊಂದು ಸರ್ವೀಸಿನವರೆಗೆ ಹನಿ ಎಣ್ಣೆಯನ್ನೂ ಬೇಡದೆ ಓಡುತ್ತವೆ. ಅಭ್ಯಾಸ ಉಳಿಯಿತು, ಕಾರಣ ಹೋಯಿತು.

ಅದಕ್ಕೂ ಹಿಂದಕ್ಕೆ ಹೋದರೆ, ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ನೆನಪಾಗುತ್ತದೆ. ಸುಟ್ಟ ಹುಲ್ಲಿನ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡುತ್ತಿದ್ದ ಆ ಕಪ್ಪು ಲೇಹ್ಯವನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೇ ತೂಗುಹಾಕುತ್ತಿದ್ದರೇ ಹೊರತು ಮನೆಯೊಳಕ್ಕೆ ತರುತ್ತಿರಲಿಲ್ಲ. ನಾವು ಪಾಶ್ಚಾತ್ಯ ಯಂತ್ರಯುಗದ ಕೊಡುಗೆಯೆಂದು ತಿಳಿದಿರುವ ಎಂಜಿನ್ ಎಣ್ಣೆಯ ವಂಶವೃಕ್ಷದಲ್ಲಿಯೂ ಈ ಹರಳೆಣ್ಣೆಗೆ ಸ್ಥಾನವುಂಟು: ಲಂಡನ್ನಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ ಸ್ಥಾಪಿಸಿದ ಕಂಪನಿಯು ಖನಿಜತೈಲಕ್ಕೆ ಹರಳೆಣ್ಣೆಯನ್ನು ಬೆರೆಸಿ 1909ರಲ್ಲಿ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟುದು, ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ. ನಮ್ಮ ಅಜ್ಜಿಯರು ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಯೇ ವಿಮಾನದ ಎಂಜಿನ್ನನ್ನೂ ತಣ್ಣಗಿಟ್ಟಿತೆಂಬುದು ಒಂದು ಬಗೆಯ ಸಮಾಧಾನವನ್ನು ಕೊಡುವುದಾದರೂ, ಆ ಸಂಬಂಧ ಅಲ್ಲಿಗೇ ಮುಗಿಯಿತು. ಇಂದಿನ ಡಬ್ಬದಲ್ಲಿರುವುದು ಕಚ್ಚಾತೈಲದಿಂದ ಬೇರ್ಪಡಿಸಿದ ಇಲ್ಲವೆ ರಾಸಾಯನಿಕವಾಗಿ ರಚಿಸಿದ ಮೂಲತೈಲವೂ, ಸವೆತವನ್ನು ತಡೆಯಲು, ಮಸಿಯನ್ನು ಎತ್ತಿಹಿಡಿಯಲು, ತುಕ್ಕು ಹಿಡಿಯದಿರಲು ಅದಕ್ಕೆ ಸೇರಿಸಿದ ನಾನಾ ದ್ರವ್ಯಗಳೂ ಆಗಿದ್ದು, ಬಾಯಿಗಾಗಲಿ ನೆತ್ತಿಗಾಗಲಿ ಅದಕ್ಕೂ ನಮಗೂ ಯಾವ ನೆಂಟಸ್ತಿಕೆಯೂ ಇಲ್ಲ.

ಇಂತಹ ಡಬ್ಬ ಮನೆಯಲ್ಲಿದೆಯೆಂದೊಡನೆ ಸಾಮಾನ್ಯ ಜನರ ಮನಸ್ಸಿಗೆ ಮೊದಲು ಹೊಳೆಯುವ ಭಯ ಬೆಂಕಿಯದು. ಈ ಭಯ ಪೂರ್ಣವಾಗಿ ನಿರಾಧಾರವಲ್ಲದಿದ್ದರೂ ಅದರ ಪ್ರಮಾಣವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಒಂದು ದ್ರವದಿಂದ ಏಳುವ ಆವಿಯು ಕಿಡಿ ಸೋಕಿದಾಗ ಭಗ್ಗೆನ್ನುವುದಕ್ಕೆ ಆ ದ್ರವ ಎಷ್ಟು ಬಿಸಿಯಾಗಿರಬೇಕೆಂಬುದನ್ನು ಜ್ವಲನಬಿಂದುವೆಂದು ಕರೆಯುತ್ತಾರೆ. ಪೆಟ್ರೋಲಿನ ಜ್ವಲನಬಿಂದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಎಂದರೆ ಹಿಮಾಲಯದ ಶಿಖರದಲ್ಲಿಯೂ ಅದು ಕಿಡಿಗಾಗಿ ಕಾದುಕೊಂಡೇ ಇರುತ್ತದೆ. ಎಂಜಿನ್ ಎಣ್ಣೆಯದಾದರೋ ಸಾಮಾನ್ಯವಾಗಿ 200 ಡಿಗ್ರಿಗೂ ಮೇಲೆ. 1934ರ ಪೆಟ್ರೋಲಿಯಂ ಅಧಿನಿಯಮವು ಈಗಿನ ರೂಪದಲ್ಲಿ 23 ಡಿಗ್ರಿಗಿಂತ ಕಡಿಮೆ ಜ್ವಲನಬಿಂದುವುಳ್ಳದ್ದನ್ನು 'ಎ' ವರ್ಗವೆಂದೂ, 65ರವರೆಗಿನದನ್ನು 'ಬಿ' ಎಂದೂ, 93ರವರೆಗಿನದನ್ನು 'ಸಿ' ಎಂದೂ ವಿಂಗಡಿಸಿದೆಯಾಗಿ, ನಮ್ಮ ಮೆಟ್ಟಿಲ ಕೆಳಗಿನ ಎಣ್ಣೆ ಈ ಮೂರು ಪಂಕ್ತಿಗಳಲ್ಲಿ ಯಾವುದರಲ್ಲಿಯೂ ಕೂರುವುದಿಲ್ಲ. ಅದೇ ಕಾನೂನು ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರಿನವರೆಗೆ ಸ್ವಂತಕ್ಕೆ ಇಟ್ಟುಕೊಳ್ಳಬಹುದೆಂದು ಹೇಳುವಾಗಲೂ ಪಾತ್ರೆ ಗಾಜಿನದೋ ಜಾಡಿಯದೋ ಆದರೆ ಒಂದು ಲೀಟರು, ಲೋಹದ್ದಾದರೆ 25 ಲೀಟರು ಮೀರಕೂಡದೆಂದು ಕಟ್ಟುಮಾಡಿದೆ; ಬಂಕಿನಿಂದ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲು ತಂದು ಎಣ್ಣೆಯ ಡಬ್ಬದ ಪಕ್ಕದಲ್ಲಿಯೇ ಇಡುವವರು ಈ ಮಾತನ್ನು ಎರಡು ಸಲ ಓದಿಕೊಳ್ಳುವುದು ಮೇಲು. ಎಣ್ಣೆ ತಾನಾಗಿ ಬೆಂಕಿಯನ್ನು ಕರೆಯುವುದಿಲ್ಲ. ಆದರೆ ಬೇರೆ ಕಡೆ ಹುಟ್ಟಿದ ಬೆಂಕಿ ತನ್ನ ಬಳಿಗೆ ಬಂದರೆ ಅದಕ್ಕೆ ಬೇಕಾದಷ್ಟು ಆಹಾರ ಕೊಟ್ಟು ಉಪಚರಿಸುತ್ತದೆ.

ಮೆಟ್ಟಿಲ ಕೆಳಗಿನ ಸ್ಥಳ ಅದಕ್ಕೆ ತಕ್ಕುದಲ್ಲವೆನ್ನುವುದು ಈ ಕಾರಣದಿಂದಲೇ. ಅಲ್ಲಿರುವ ಇನ್ವರ್ಟರ್ ಬ್ಯಾಟರಿ ಚಾರ್ಜಾಗುವಾಗ ಜಲಜನಕವನ್ನು ಬಿಡುತ್ತದೆ. ಗಾಳಿಯಾಡದ ಮೂಲೆಯಲ್ಲಿ ಅದು ಸೇರಿಕೊಂಡು, ಸಡಿಲವಾದ ತಂತಿಯ ಒಂದು ಕಿಡಿ ಸಾಕೆನ್ನುವ ಸ್ಥಿತಿ ಉಂಟಾಗಬಹುದು. ಪಕ್ಕದಲ್ಲಿ ಸಿಲಿಂಡರು. ಮೇಲೆ, ಮಹಡಿಯಲ್ಲಿರುವವರು ಹೊರಕ್ಕೆ ಓಡಿಬರಬೇಕಾದ ಏಕೈಕ ಮಾರ್ಗ. ಇಂಥ ಕಡೆ ಉರಿಯಬಲ್ಲ ನಾಲ್ಕು ಲೀಟರು ಪದಾರ್ಥವನ್ನಿಡುವುದು, ಶಾಸ್ತ್ರ ನೋಡಿ ಗುಂಡಿ ತೋಡಿ ಅದರ ಮೇಲೆಯೇ ಬಾಗಿಲಿಟ್ಟಂತೆ. ಇನ್ನು ಎಣ್ಣೆ ಒರೆಸಿದ ಕಾಟನ್ ವೇಸ್ಟಿನ ಉಂಡೆಗಳು ತಾವಾಗಿ ಹೊತ್ತಿಕೊಳ್ಳುವುವೆಂಬ ಮಾತು ಕೇಳಿಬರುವುದುಂಟಷ್ಟೆ. ಹಾಗೆ ಹೊತ್ತಿಕೊಳ್ಳುವ ಗುಣ ಮುಖ್ಯವಾಗಿ ಮರದ ಪಾಲಿಷಿಗೆ ಬಳಸುವ ಅಗಸೆ ಎಣ್ಣೆಯಂತೆ, ಗಾಳಿ ಕುಡಿದು ಒಣಗುವ ಎಣ್ಣೆಗಳದು, ಒಣಗದ ಎಂಜಿನ್ ಎಣ್ಣೆಯದಲ್ಲ. ಆದರೂ ಬಡಗಿ ಬಿಟ್ಟುಹೋದ ಚಿಂದಿಯೂ ಮೆಕ್ಯಾನಿಕ್ಕು ಬಿಟ್ಟುಹೋದ ಚಿಂದಿಯೂ ಒಂದೇ ಚೀಲದಲ್ಲಿ ಸೇರಿದ ಮೇಲೆ ಯಾವುದು ಯಾರದೆಂದು ಹೇಳುವವರು ಯಾರು? ಎಲ್ಲವನ್ನೂ ಬಿಡಿಸಿ, ಹರಡಿ, ಹೊರಗೆ ಒಣಗಿಸಿ ಆಚೆಗೆ ಸಾಗಿಸುವುದೇ ಸುಲಭ. ಉರಿಯುವ ಎಣ್ಣೆಗೆ ನೀರೆರಚಿದರೆ ನೀರು ತಳಕ್ಕಿಳಿದು ಆವಿಯಾಗಿ ಸಿಡಿದು, ಬೆಂಕಿಯನ್ನು ನಾಲ್ಕೂ ಕಡೆಗೆ ಎರಚುತ್ತದೆಂಬುದನ್ನು ಒಗ್ಗರಣೆಯ ಬಾಣಲೆಯನ್ನು ಬಲ್ಲ ಯಾವ ಗೃಹಿಣಿಗೂ ವಿವರಿಸಬೇಕಾಗಿಲ್ಲ. ಡಬ್ಬವಿರುವ ಕಡೆ ಒಂದು ಬಕೀಟು ಮರಳು ಇರಲಿ.

ಬೆಂಕಿಯ ವಿಷಯವನ್ನು ಇಷ್ಟಕ್ಕೆ ಬಿಟ್ಟು, ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚು ಭಯಂಕರವೆಂದು ತೋರುವ ಮತ್ತೊಂದು ವಿಷಯಕ್ಕೆ ಬರುತ್ತೇನೆ. ಅದು ಪಾತ್ರೆಯ ವಿಷಯ.

ನಮ್ಮ ಅಡುಗೆಮನೆಗಳಲ್ಲಿ ಎಣ್ಣೆಗಳಿಗೆಲ್ಲ ಒಂದು ಮರ್ಯಾದೆಯಿದೆ. ಕಡಲೆಕಾಯಿ ಎಣ್ಣೆಯ ಪಾತ್ರೆ ಬೇರೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯದು ಬೇರೆ, ದೇವರ ದೀಪದ ಎಣ್ಣೆಯದು ಬೇರೆ. ಒಂದರ ಸೌಟು ಮತ್ತೊಂದಕ್ಕೆ ಬಿದ್ದರೆ ಹಿರಿಯರು ಸುಮ್ಮನಿರುವುದಿಲ್ಲ. ಯಂತ್ರದ ಎಣ್ಣೆ ಹೊರಗಿನಿಂದ ಬಂದುದಾದ್ದರಿಂದ ಅದಕ್ಕೆ ಇಂಥ ಮಡಿಮೈಲಿಗೆಯ ನಿಯಮಗಳು ಇನ್ನೂ ಹುಟ್ಟಿಲ್ಲ. ದೊಡ್ಡ ಡಬ್ಬ ಜಾಗ ತಿನ್ನುತ್ತದೆಂದೋ, ಮುಚ್ಚಳ ಸೀಳಿತೆಂದೋ, ಪಕ್ಕದ ಮನೆಯವರಿಗೆ ಸ್ವಲ್ಪ ಕೊಡಬೇಕೆಂದೋ, ಕೈಗೆ ಸಿಕ್ಕಿದ ನೀರಿನ ಬಾಟಲಿಗೆ, ಖಾಲಿಯಾದ ಸೂರ್ಯಕಾಂತಿ ಎಣ್ಣೆಯ ಕ್ಯಾನಿಗೆ, ತಂಪು ಪಾನೀಯದ ಸೀಸೆಗೆ ಅದನ್ನು ಸುರಿದಿಡುತ್ತೇವೆ. ಹೊಸ ಎಂಜಿನ್ ಎಣ್ಣೆಯ ಬಣ್ಣವೋ, ಹದವಾದ ಜೇನಿನದು. ಒಮ್ಮೆ ನಮ್ಮ ಮನೆಯಲ್ಲಿಯೇ, ನಾನು ಹೀಗೆ ತುಂಬಿಸಿಟ್ಟಿದ್ದ ಸೀಸೆಯನ್ನು ಹೊಸದಾಗಿ ಕೆಲಸಕ್ಕೆ ಬಂದಾಕೆ ಧೂಳೊರೆಸಿ, ಒಳ್ಳೆಯ ಮನಸ್ಸಿನಿಂದ, ಅಡುಗೆಮನೆಯ ಕಟ್ಟೆಯ ಮೇಲೆ ಉಳಿದ ಎಣ್ಣೆಗಳ ಸಾಲಿಗೆ ಸೇರಿಸಿದ್ದಳು. ನನ್ನಾಕೆ ಮುಚ್ಚಳ ತೆರೆದು ಮೂಸಿ, "ರೀ, ಇದೇನ್ರೀ ಇದು, ಎಣ್ಣೆ ಕಾರ್ಖಾನೆ ವಾಸನೆ ಬರ್ತಿದೆ?" ಎಂದು ಕೂಗಿದ್ದರಿಂದ ಆ ದಿನದ ಪಲ್ಯ ಪಲ್ಯವಾಗಿಯೇ ಉಳಿಯಿತು. ತಪ್ಪು ಕೆಲಸದಾಕೆಯದಲ್ಲ, ನನ್ನದು. ಅದನ್ನು ನನಗೆ ಒಂದು ವಾರದವರೆಗೆ ಮರೆಯಲು ಬಿಡಲಿಲ್ಲ.

ಇದು ನಗುವ ಮಾತಾಗಿ ಮುಗಿಯದ ಸಂದರ್ಭವೂ ಲೋಕದಲ್ಲಿ ನಡೆದಿದೆ. 1959ರಲ್ಲಿ ಮೊರಾಕೊ ದೇಶದ ಮೆಕ್ನೆಸ್ ಎಂಬ ಪಟ್ಟಣದಲ್ಲಿ ಇದ್ದಕ್ಕಿದ್ದಂತೆ ಜನರ ಕೈಕಾಲುಗಳು ಸೋತು ಬೀಳತೊಡಗಿದವು. ವೈದ್ಯರು ಹುಡುಕಿ ನೋಡಿದಾಗ ತಿಳಿದುಬಂದುದು, ಅಮೆರಿಕನ್ನರ ವಿಮಾನನೆಲೆಯೊಂದು ಬೇಡವೆಂದು ಮಾರಿದ್ದ ಜೆಟ್ ಎಂಜಿನ್ನಿನ ಎಣ್ಣೆಯನ್ನು ಲಾಭಕೋರರು ಅಡುಗೆ ಎಣ್ಣೆಗೆ ಬೆರೆಸಿ ಮಾರಿದ್ದರೆಂದು. ಅದರಲ್ಲಿದ್ದ ಕ್ರೆಸಿಲ್ ಫಾಸ್ಫೇಟ್ ಎಂಬ ದ್ರವ್ಯವು ನರಗಳನ್ನು ಹಾಳುಮಾಡಿ ಸುಮಾರು 10,000 ಮಂದಿಯನ್ನು ಪಾರ್ಶ್ವವಾಯುಪೀಡಿತರಂತೆ ಮಾಡಿತು. ನಮ್ಮ ಕಾರಿನ ಎಣ್ಣೆ ಆ ಎಣ್ಣೆಯಲ್ಲ, ನಮ್ಮ ಉದ್ದೇಶ ಮೋಸವೂ ಅಲ್ಲ. ಆದರೆ ಯಂತ್ರದ ಎಣ್ಣೆಗೂ ಬಾಣಲೆಯ ಎಣ್ಣೆಗೂ ನಡುವೆ ಕಣ್ಣಿಗೆ ಕಾಣುವ ಅಂತರವಿಲ್ಲ, ಆ ಅಂತರವನ್ನು ಹೇಳಬಲ್ಲುದು ಪಾತ್ರೆಯ ಮೇಲಿನ ಹೆಸರೊಂದೇ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ನನಗೆ ತಿಳಿಯದು. ಆದುದರಿಂದ ಎಣ್ಣೆ ಯಾವ ಡಬ್ಬದಲ್ಲಿ ಬಂದಿತೋ ಅದರಲ್ಲಿಯೇ ಇರತಕ್ಕದ್ದು. ಬೇರೆಗೆ ಸುರಿಯಲೇಬೇಕಾದ ಪ್ರಸಂಗ ಒದಗಿದರೆ, ಇನ್ನೊಂದು ಎಂಜಿನ್ ಎಣ್ಣೆಯ ಡಬ್ಬಕ್ಕೆ ಸುರಿದು, ಅಳಿಸದ ಮಸಿಯಲ್ಲಿ ಒಳಗಿರುವುದರ ಹೆಸರನ್ನೂ ತೆರೆದ ತಿಂಗಳನ್ನೂ ಬರೆಯತಕ್ಕದ್ದು.

ಮಕ್ಕಳಿರುವ ಮನೆಯಲ್ಲಿ ಇದರ ಮೇಲೆ ಒಂದು ಮಾತು ಹೆಚ್ಚು ಹೇಳಬೇಕು. ಮಗು ಎಣ್ಣೆಯನ್ನೋ ಪೆಟ್ರೋಲನ್ನೋ ಸೀಮೆಎಣ್ಣೆಯನ್ನೋ ಕುಡಿದುಬಿಟ್ಟರೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ನಮ್ಮಲ್ಲಿ ರೂಢಿ. ಅದೇ ದೊಡ್ಡ ಅಪಾಯ. ಹೊಟ್ಟೆಯಲ್ಲಿದ್ದಾಗ ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಇಂಥ ದ್ರವಗಳು ಮೇಲಕ್ಕೆ ಬರುವಾಗ ಶ್ವಾಸಕೋಶಕ್ಕೆ ಜಾರಿ ಮಾಡುತ್ತವೆ. ತೆಳುವಾದ ಸೀಮೆಎಣ್ಣೆ ಬೇಗ ಜಾರುತ್ತದೆ, ಮಂದವಾದ ಎಂಜಿನ್ ಎಣ್ಣೆ ನಿಧಾನ; ಆದರೂ ಪರೀಕ್ಷೆ ಮಾಡಿ ನೋಡುವ ವಿಷಯ ಅದಲ್ಲ. ಏನನ್ನೂ ಕುಡಿಸದೆ, ವಾಂತಿ ಮಾಡಿಸದೆ, ಡಬ್ಬವನ್ನು ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ನಮ್ಮ ಭಾಗದವರಿಗೆ ನಿಮ್ಹಾನ್ಸಿನ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ದೂರವಲ್ಲ. ಡಬ್ಬ ಏಕೆಂದರೆ, ವೈದ್ಯರು ಮೊದಲು ಕೇಳುವುದು 'ಏನು ಕುಡಿಯಿತು?' ಎಂದು, ಹೆಸರಿಲ್ಲದ ಸೀಸೆ ಅಲ್ಲಿ ಮೂಕಸಾಕ್ಷಿ.

ಹೆಸರಿನ ಪ್ರಯೋಜನ ಎಂಜಿನ್ನಿಗೂ ಉಂಟು. ಡಬ್ಬದ ಮೇಲೆ 20ಡಬ್ಲ್ಯೂ-40 ಎಂದೋ 10ಡಬ್ಲ್ಯೂ-30 ಎಂದೋ ಇರುವ ಅಂಕೆಗಳಲ್ಲಿ ಮೊದಲನೆಯದು ಚಳಿಯಲ್ಲಿ ಎಣ್ಣೆ ಎಷ್ಟು ಸರಾಗವಾಗಿ ಹರಿಯುವುದೆಂಬುದನ್ನೂ, ಎರಡನೆಯದು 100 ಡಿಗ್ರಿಯ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುವುದೆಂಬುದನ್ನೂ ಸೂಚಿಸುತ್ತವೆ. ಬೈಕಿನ ಕ್ಲಚ್ಚು ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಅದಕ್ಕೆ 'ಎಂಎ' ಎಂಬ ಗುರುತಿನ ಎಣ್ಣೆ ಬೇಕು. ಗೇರಿಲ್ಲದ ಸ್ಕೂಟರಿನದಕ್ಕೆ 'ಎಂಬಿ' ಎಂಬ ಬೇರೆ ಗುರುತು. ಮಗಳ ಸ್ಕೂಟರಿನಿಂದ ಮಿಕ್ಕುದನ್ನು ಮಗನ ಬೈಕಿಗೆ ಸುರಿದ ತಂದೆಗೆ, ಕ್ಲಚ್ಚು ಜಾರತೊಡಗಿದ ಮೇಲೆ ಈ ಎರಡಕ್ಷರಗಳ ಮಹತ್ವ ಅರಿವಾಗುತ್ತದೆ.

ಹಾಗಾದರೆ ಎಣ್ಣೆ ಕೆಡುವುದಿಲ್ಲವೇ? ಕೆಡುತ್ತದೆ, ಆದರೆ ಹಾಲು ಕೆಡುವಂತೆ ಅಲ್ಲ. ಮುದ್ರೆ ಒಡೆಯದ ಡಬ್ಬಕ್ಕೆ ತಯಾರಕರು ಸಾಮಾನ್ಯವಾಗಿ 5 ವರ್ಷಗಳ ಆಯುಸ್ಸನ್ನು ಹೇಳುತ್ತಾರೆ. ಒಡೆದುದನ್ನು ಮುಂದಿನ ಸರ್ವೀಸಿಗೆ ಬಳಸಿಬಿಡುವುದು ಜಾಣತನ. ಅದರ ಮುಖ್ಯ ಶತ್ರು ನೀರು. ಬೆಂಗಳೂರಿನ ಹವೆಯನ್ನು ಈ ವಿಷಯದಲ್ಲಿ ದೂರುವಂತಿಲ್ಲ: ಇಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ, ಅತ್ಯಧಿಕ 2016ರ ಏಪ್ರಿಲಿನ 39.2 ಡಿಗ್ರಿ, ಈ ಎರಡು ತುದಿಗಳ ನಡುವೆ ಯಾವ ಎಂಜಿನ್ ಎಣ್ಣೆಯೂ ಗಟ್ಟಿಯಾಗಿಯೋ ಬೆಂದೋ ಹಾಳಾಗುವುದಿಲ್ಲ. ಹಾಳುಮಾಡುವುದು ಹಗಲಿರುಳಿನ ಅಂತರ. ಫಾಲ್ಗುಣ ಚೈತ್ರಗಳಲ್ಲಿ ಹಗಲು ಬಿಸಿಲು ಕಾದು ರಾತ್ರಿ ತಂಪಾಗುವಾಗ, ತಾರಸಿಯ ಮೇಲೋ ಶೀಟಿನ ಮಾಡಿನ ಕೆಳಗೋ ಇಟ್ಟ ಅರೆತುಂಬಿದ ಡಬ್ಬ ಮನುಷ್ಯರಂತೆಯೇ ಉಸಿರಾಡುತ್ತದೆ. ಹಗಲು ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿನಿಂದ ಹೊರಡುತ್ತದೆ, ರಾತ್ರಿ ಹೊರಗಿನ ಗಾಳಿ ತನ್ನ ತೇವದೊಡನೆ ಒಳಸೇರುತ್ತದೆ. ಮಳೆಗಾಲದಲ್ಲಿ ಮುಚ್ಚಳದ ಮೇಲಿನ ಕುಳಿಯಲ್ಲಿ ನೀರು ನಿಂತಿದ್ದರೆ ಗಾಳಿಯ ಬದಲು ಆ ನೀರನ್ನೇ ಹೀರುತ್ತದೆ. ಪೀಪಾಯಿಗಳನ್ನು ಬಯಲಿನಲ್ಲಿಡಬೇಕಾಗಿ ಬಂದಾಗ ಅನುಭವಸ್ಥರು ಅವನ್ನು ಮಲಗಿಸಿ, ಎರಡು ಬಿರಡೆಗಳೂ ಗಡಿಯಾರದ ಮೂರು ಮತ್ತು ಒಂಬತ್ತರ ಅಂಕೆಗಳ ನೇರಕ್ಕೆ ಬರುವಂತೆ ಹೊರಳಿಸುತ್ತಾರೆ; ಆಗ ಬಿರಡೆಗಳ ಒಳಮೈಗೆ ಎಣ್ಣೆಯೇ ಒತ್ತಿಕೊಂಡಿದ್ದು ಹೊರಗಿನ ತೇವಕ್ಕೆ ದಾರಿಯಿರುವುದಿಲ್ಲ. ಇಷ್ಟು ಚಿಕ್ಕದರಲ್ಲಿ ಇಷ್ಟು ದೊಡ್ಡ ಉಪಾಯ ಅಡಗಿರುವುದನ್ನು ಕಂಡಾಗ, ಅದನ್ನು ಮೊದಲು ಯೋಚಿಸಿದ ಅಜ್ಞಾತ ಪುರುಷನಿಗೆ ಕೈಮುಗಿಯಬೇಕೆನಿಸುತ್ತದೆ. ಮನೆಯ ಡಬ್ಬಕ್ಕೆ ಇಷ್ಟೆಲ್ಲ ಬೇಡ. ಮುಚ್ಚಳ ಬಿಗಿಯಾಗಿ, ನೆಟ್ಟಗೆ, ಒಣನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲೆ, ಬಿಸಿಲು ಬೀಳದ ಕಡೆ, ತಳದಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಟ್ರೇ ಇಟ್ಟು ನಿಲ್ಲಿಸಿದರೆ ಆಯಿತು. ತೆರೆದು ನೋಡಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆಯೆಂದರ್ಥ. ಅದು ಇನ್ನು ಎಂಜಿನ್ನಿಗೆ ಸಲ್ಲದು.

ಆ ಟ್ರೇ ಏತಕ್ಕೆಂದರೆ, ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯವಾದ ಒಂದು ಅಪಾಯವಿದೆ. 30-40ರ ನಿವೇಶನದಲ್ಲಿ ಕಾರು ನಿಲ್ಲಿಸುವ ಜಾಗದ ಕೆಳಗೇ ನೀರಿನ ಸಂಪು ಇರುತ್ತದೆ. ನೂರು ಕಿಲೋಮೀಟರಿನಷ್ಟು ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿಸಿ ತಂದ ಕಾವೇರಿಯ ನೀರು ಇಳಿಯುವುದು ಅದರೊಳಕ್ಕೆ. ಅದರ ಕಬ್ಬಿಣದ ಮುಚ್ಚಳದ ಮೇಲೆಯೇ ನಾವು ಬೈಕು ನಿಲ್ಲಿಸಿ, ಲಾಳಿಕೆಯಿಲ್ಲದೆ ಎಣ್ಣೆ ಸುರಿಯುತ್ತೇವೆ. 2009ರಲ್ಲಿ ಕಾನೂನು ತಿದ್ದುಪಡಿಯಾಗಿ ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ ಅನೇಕ ಮನೆಗಳ ಅಂಗಳದಲ್ಲಿ ಇಂಗುಬಾವಿಯೂ ಸೇರಿಕೊಂಡಿದೆ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯು ಇದನ್ನು ಕಲಿಸುವುದಕ್ಕೆಂದೇ ಒಂದು ಉದ್ಯಾನವನ್ನು ನಡೆಸುತ್ತಿದೆ. ಅಂಗಳದಲ್ಲಿ ಚೆಲ್ಲಿದ ಎಣ್ಣೆಯನ್ನು ಪೈಪು ಹಿಡಿದು ತೊಳೆದರೆ ಅದು ಹೋಗುವುದು ಸಂಪು, ಇಂಗುಬಾವಿ ಈ ಎರಡರಲ್ಲಿ ಒಂದಕ್ಕೆ, ಇಲ್ಲವೆ ಚರಂಡಿಗೆ. ಚರಂಡಿ ಸೇರಿದುದೂ ಕಣ್ಮರೆಯಾಯಿತೆನ್ನುವಂತಿಲ್ಲ: ಬಿಟಿಎಂ ಬಡಾವಣೆಯ ಪಕ್ಕದ ಮಡಿವಾಳ ಕೆರೆಯ ಕೋಡಿ ಅಗರದ ಕಡೆಗೆ, ಅಗರದ್ದು ಬೆಳ್ಳಂದೂರಿಗೆ, ನೊರೆಯುಕ್ಕಿ, ಬೆಂಕಿ ಹೊತ್ತಿ ಉರಿದ ಕೆರೆಯೆಂದು ಲೋಕಪ್ರಸಿದ್ಧವಾದ ಆ ಬೆಳ್ಳಂದೂರಿಗೆ ನಮ್ಮ ಅಂಗಳದಿಂದಲೂ ದಾರಿಯಿದೆ. ಚೆಲ್ಲಿದ ಎಣ್ಣೆಯ ಮೇಲೆ ಮರದ ಹೊಟ್ಟನ್ನೋ ಮರಳನ್ನೋ ಸುರಿದು, ಹೀರಿಕೊಂಡ ಮೇಲೆ ಗುಡಿಸಿ ತೆಗೆದು, ಆಮೇಲೆ ಸಾಬೂನಿನ ಬಟ್ಟೆಯಿಂದ ಒರೆಸಬೇಕು. ಪೈಪಿನ ಸರದಿ ಇಲ್ಲಿ ಬರುವುದೇ ಇಲ್ಲ.

ಇಷ್ಟು ಹೊತ್ತು ಹೇಳಿದುದು ಹೊಸ ಎಣ್ಣೆಯ ಮಾತು. ಮೆಟ್ಟಿಲ ಕೆಳಗೆ ಕಪ್ಪು ಎಣ್ಣೆಯೂ ಇದ್ದರೆ ಅದರ ಕಥೆ ಬೇರೆ. ಎಂಜಿನ್ನಿನೊಳಗೆ ಸಾವಿರಾರು ಕಿಲೋಮೀಟರು ಬೆಂದು ಬಂದ ಎಣ್ಣೆ ತನ್ನೊಡನೆ ಮಸಿಯನ್ನೂ, ಸವೆದ ಲೋಹದ ಪುಡಿಯನ್ನೂ, ಇಂಧನ ಅರೆಬೆಂದಾಗ ಹುಟ್ಟುವ ವಿಷಗಳನ್ನೂ ಹೊತ್ತಿರುತ್ತದೆ. ಇಲಿಗಳ ಚರ್ಮಕ್ಕೆ ಮತ್ತೆ ಮತ್ತೆ ಹಚ್ಚಿ ನೋಡಿದ ಪ್ರಯೋಗಗಳಲ್ಲಿ ಅದು ಕ್ಯಾನ್ಸರನ್ನು ಉಂಟುಮಾಡಿದೆ. ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿಯದಿರಲೆಂದು ಇದನ್ನು ಬಳಿಯುವುದು, ಕಟ್ಟಡದವರು ಸೆಂಟ್ರಿಂಗ್ ಹಲಗೆಗೆ ಸವರುವುದು, ತೋಟದ ಬೇಲಿಗೆ ಹೊಯ್ಯುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಉಪಯೋಗವಾಯಿತಲ್ಲ ಎಂಬ ತೃಪ್ತಿ ಇದರಲ್ಲಿದ್ದರೂ, ಮಣ್ಣಿಗೆ ಬಿದ್ದ ಮೇಲೆ ಅದು ಮಳೆಯೊಡನೆ ಎಲ್ಲಿಗೆ ನಡೆಯುವುದೆಂದು ಯಾರೂ ಹಿಂಬಾಲಿಸಿ ನೋಡಿದಂತಿಲ್ಲ. ಒಂದು ಸಲ ಬದಲಾಯಿಸಿದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರು ಸಿಹಿನೀರನ್ನು ಕೆಡಿಸಬಲ್ಲುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಯನ್ನು ತಮ್ಮ ವ್ಯಾಪ್ತಿಗೆ ತಂದಿವೆ. 2024ರ ಏಪ್ರಿಲಿನಿಂದ ಎಣ್ಣೆ ತಯಾರಿಸುವವರೇ ಬಳಸಿದುದರ ಒಂದು ಪಾಲಿನ ಮರುಸಂಸ್ಕರಣೆಗೆ ಹೊಣೆಯಾಗಬೇಕೆಂಬ ತಿದ್ದುಪಡಿಯೂ ಜಾರಿಗೆ ಬಂದಿದೆ. ಸೋಸಿ, ನಿರ್ವಾತದಲ್ಲಿ ಬಟ್ಟಿಯಿಳಿಸಿದರೆ ಈ ಕರಿಯೆಣ್ಣೆಯಿಂದ ಮತ್ತೆ ಮೂಲತೈಲ ಹೊರಡುತ್ತದೆಂಬುದು ಇದಕ್ಕೆ ಆಧಾರ. ಮನೆಯವರ ಪಾಲಿಗೆ ಉಳಿದಿರುವುದು ಇಷ್ಟೇ: ಬ್ರೇಕ್ ಆಯಿಲನ್ನೋ ಕೂಲೆಂಟನ್ನೋ ಪೆಟ್ರೋಲನ್ನೋ ಅದಕ್ಕೆ ಬೆರೆಸದೆ, ಕಸದ ಗಾಡಿಗೂ ಚರಂಡಿಗೂ ಹಾಕದೆ, ಅಧಿಕೃತ ಸಂಗ್ರಾಹಕರಿಗೆ ಎಣ್ಣೆ ಕೊಡುವ ಸರ್ವೀಸ್ ಗ್ಯಾರೇಜಿಗೆ ಒಯ್ದು ಅವರ ಪೀಪಾಯಿಗೆ ಸುರಿಸುವುದು. ಖಾಲಿ ಡಬ್ಬವನ್ನು ಗುಜರಿಯವನಿಗೆ ಕೊಡುವ ಮುನ್ನ ಕತ್ತರಿಸಿಯೋ ತೂತು ಮಾಡಿಯೋ ಕೊಡಬೇಕು. ಒಳ್ಳೆಯ ಡಬ್ಬಕ್ಕೆ ಕೆಟ್ಟ ಎಣ್ಣೆ ತುಂಬಿ ಹೊಸದೆಂದು ಮಾರುವ ಡೂಪ್ಲಿಕೇಟ್ ವ್ಯಾಪಾರಕ್ಕೆ ನಮ್ಮ ಮೆಟ್ಟಿಲ ಕೆಳಗಿನಿಂದ ಸಾಮಗ್ರಿ ಒದಗುವುದು ಬೇಡ.

ಈ ಎಲ್ಲ ಜ್ಞಾನವೂ ತಲೆಯಲ್ಲಿದ್ದರೂ ಕೈ ಓಡದೆ ನಾನು ಕೂತಿದ್ದೆ. ಆಯುಧಪೂಜೆಯ ಮುನ್ನಾದಿನ ವಾಹನಗಳನ್ನು ತೊಳೆಯುವ ಸಡಗರದಲ್ಲಿ, ಮನೆಯಾಕೆಯ ಆಜ್ಞೆಯಂತೆ, ಆ ಮೂಲೆಗೂ ಮುಹೂರ್ತ ಬಂದಿತು. ಹೊರಬಂದವು ಐದು ಪಾತ್ರೆಗಳು: ಹೆಸರು ತಾರೀಖು ಸ್ಪಷ್ಟವಾಗಿದ್ದ ಒಂದು ಡಬ್ಬ, ನಾವು ಮಾರಿ ಎಂಟು ವರ್ಷವಾದ ಸ್ಕೂಟರಿನ ಒಂದು ಸೀಸೆ, ಕರಿಯೆಣ್ಣೆಯ ಒಂದು ಕ್ಯಾನು, ಒಳಗಿರುವುದೇನೆಂದು ದೇವರೇ ಬಲ್ಲ ಒಂದು ನೀರಿನ ಬಾಟಲಿ, ಒಮ್ಮೆ ತಾರಸಿಯಲ್ಲಿ ಮಳೆಗಾಲ ಕಳೆದು ಬಂದಿದ್ದ ಮತ್ತೊಂದು ಡಬ್ಬ. ಮೊದಲನೆಯದನ್ನು ಹಿತ್ತಿಲಿನ ಸಾಮಾನುಕೋಣೆಯ ಬೀಗದ ಕಪಾಟಿಗೆ ಸೇರಿಸಿ, ಉಳಿದ ನಾಲ್ಕನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ಕು ಕಡೆಯ ಡಬ್ಬದ ಮುಚ್ಚಳ ತಿರುಗಿಸಿ ಒಳಗೆ ಇಣುಕಿ, "ಏನ್ ಸಾರ್ ಇದು, ಆಯಿಲಾ, ಹಾರ್ಲಿಕ್ಸಾ?" ಎಂದು ನಕ್ಕು, ಪೀಪಾಯಿಗೆ ಬಗ್ಗಿಸಿದ. ನಾನು ಅಲ್ಲಿಯೇ ನಿಂತು ಖಾಲಿ ಡಬ್ಬಗಳನ್ನು ಅವನ ಕತ್ತರಿಯಿಂದ ಸೀಳಿಸಿಕೊಂಡು ಬಂದೆ. ಮರುದಿನ ಪೂಜೆ ಮುಗಿದ ಮೇಲೆ, ಹಲವು ವರ್ಷಗಳ ಬಳಿಕ ಬರಿದಾದ ಆ ಮೂಲೆಯನ್ನು ನೋಡುವ ಸಂತೋಷಕ್ಕಾಗಿ ಬಗ್ಗಿದರೆ, ಅಲ್ಲಿ ಆಗಲೇ ಒಡೆಯಲು ತಂದು ಮಿಕ್ಕ ಎರಡು ಬೂದುಗುಂಬಳಕಾಯಿಗಳು ಗೋಡೆಗೊರಗಿ ಕುಳಿತಿದ್ದವು.